ವುಶು, ತೈಚಿ ಕಲಿಯುವವರ ಅಭ್ಯಾಸದ ನೋಟ್‌ಬುಕ್: ಏನು ಬರೆಯಬೇಕು, ಹೇಗೆ ಬರೆಯಬೇಕು

ಕುಂಗ್ ಫು, ವುಶು, ತೈಚಿ, ವಿಂಗ್ ಚುನ್, ಚೀನಾದ ಈ ಸಮರಕಲೆಗಳಲ್ಲಿ ಯಾವುದರ ಕ್ಲಾಸೇ ಇರಲಿ, ಹೊಸದಾಗಿ ಸೇರಿದವರ ನೋಟ್‌ಬುಕ್ ತೆಗೆದು ನೋಡಿ. ಮೊದಲ ನಾಲ್ಕು ಪುಟದಲ್ಲಿ ದುಂಡಗಿನ ಅಕ್ಷರ, ಚೀನೀ ಹೆಸರುಗಳು, ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಯಿನ್ ಯಾಂಗ್ ಚಿತ್ರ ಇರುತ್ತವೆ. ಐದನೇ ಪುಟದಿಂದ ಖಾಲಿ. ಎಲ್ಲರೂ ಸೋಮಾರಿಗಳು ಅಂತ ನಾನು ಒಪ್ಪುವುದಿಲ್ಲ. ಬರೆದದ್ದು ಮರುದಿನ ಯಾವ ಕೆಲಸಕ್ಕೂ ಬರಲಿಲ್ಲ, ಅದಕ್ಕೇ ಕೈ ನಿಂತಿದೆ.

ಹಾಗಾಗಿ ನನ್ನ ಲೆಕ್ಕ ಸರಳ. ನಾಳೆ ಬೆಳಗ್ಗೆ ಗ್ರೌಂಡಿಗೆ ಹೋಗುವ ಮುಂಚೆ ಎರಡು ನಿಮಿಷ ಓದಿದರೆ ಕೈಗೋ ಕಾಲಿಗೋ ಒಂದು ಕೆಲಸ ಸಿಗಬೇಕು. ಅಂಥದ್ದನ್ನಷ್ಟೇ ಬರೆಯಿರಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇರುತ್ತಲ್ಲ, ಈ ನೋಟ್‌ಬುಕ್ಕೂ ಹಾಗೇ. ತೆಗೆದ ತಕ್ಷಣ ಬಾಕಿ ಎಷ್ಟು ಅಂತ ಕಾಣಬೇಕು.

ಬಳ್ಳಾರಿಯಲ್ಲಿ ವುಶು, ತೈಚಿ ಮಾಡುವವರನ್ನು, ಅವರ ನೋಟ್‌ಬುಕ್‌ಗಳನ್ನು ನೋಡುತ್ತಾ ಬಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳದವರಿಗೂ ಬಿಸಿಲು, ನೆಲ, ಕರೆಂಟು ಎಲ್ಲ ಹೆಚ್ಚು ಕಡಿಮೆ ಇದೇ ತಾನೇ.

ಯಾವ ನೋಟ್‌ಬುಕ್ ತಗೊಳ್ಳಬೇಕು

ದುಬಾರಿ ಡೈರಿ ಬೇಡ. ದುಡ್ಡು ಕೊಟ್ಟು ತಂದ ಚಂದದ ಡೈರಿಯಲ್ಲಿ ಹಾಳು ಅಕ್ಷರ ಬರೆಯಲು ಮನಸ್ಸೇ ಬರುವುದಿಲ್ಲ. ಮಕ್ಕಳು ಗಣಿತಕ್ಕೆ ಬಳಸುವ ಚೌಕುಳಿ ನೋಟ್‌ಬುಕ್ ತಗೊಳ್ಳಿ, ದೊಡ್ಡ ಅಳತೆಯದು. ಹೆಜ್ಜೆಯ ನಕ್ಷೆ ಬಿಡಿಸಲು ಆ ಚೌಕಗಳು ತುಂಬಾ ಬೇಕಾಗುತ್ತವೆ, ಮುಂದೆ ಹೇಳುತ್ತೇನೆ. ಜೆಲ್ ಪೆನ್ ಬೇಡ. ಬೆವರಿನ ಕೈ ತಾಗಿದರೆ ಇಡೀ ಪುಟ ನೀಲಿ. ಬಾಲ್ ಪೆನ್ ಅಥವಾ ಪೆನ್ಸಿಲ್ ಸಾಕು. ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ.

ಎಡಗಡೆ ಪುಟ ಫಾರ್ಮಿಗೆ (ಒಂದರ ಹಿಂದೆ ಒಂದು ಮಾಡುವ ಭಂಗಿಗಳ ಸರಣಿ), ನಿಲುವಿಗೆ, ಚಿತ್ರಕ್ಕೆ. ಬಲಗಡೆ ಪುಟ ದಿನದ ಲೆಕ್ಕಕ್ಕೆ. ಕೊನೆಯ ನಾಲ್ಕು ಹಾಳೆ ಬಿಟ್ಟಿರಿ. ಎರಡು ಹಾಳೆ ನೋವಿನ ಲೆಕ್ಕಕ್ಕೆ, ಎರಡು ಹಾಳೆ ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಬರೆಯಲು.

ಮೊಬೈಲಿನಲ್ಲೇ ಬರೆದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತೆ. ಆದರೆ ಮೊಬೈಲಿನಲ್ಲಿ ಕಾಲಿನ ಗುರುತು ಬಿಡಿಸುವುದು ಕಷ್ಟ. ಬರೆಯಲು ತೆಗೆದವರು ರೀಲ್ಸ್ ನೋಡುತ್ತಾ ಕೂರುವುದೇ ಜಾಸ್ತಿ. ವಿಡಿಯೊಗೆ, ಟೈಮರಿಗೆ ಮೊಬೈಲ್ ಇರಲಿ. ಬರೆಯಲು ಕಾಗದ ಇರಲಿ.

ಯಾವಾಗ

ಗ್ರೌಂಡಿನಲ್ಲಿ ಬರೆಯಬೇಡಿ. ಸರ್ ಹೇಳುತ್ತಿರುವಾಗ ನೋಟ್‌ಬುಕ್ ತೆಗೆದರೆ ಕಿವಿ ಅರ್ಧ, ಕಣ್ಣು ಅರ್ಧ. ಅವರು ಕೈ ಹಿಡಿದು ತಿದ್ದಿದ್ದು ಮೈಗೆ ಇಳಿಯುವ ಹೊತ್ತು ಅದು. ಮನೆಗೆ ಬಂದು ಮುಖ ತೊಳೆದು, ತಿಂಡಿಗೆ ಕೂರುವ ಮುಂಚೆ ಐದು ನಿಮಿಷ. ಸ್ನಾನ, ತಿಂಡಿ, ಆಫೀಸು ಎಲ್ಲ ಮುಗಿಸಿ ರಾತ್ರಿ ಬರೆಯಲು ಕೂತರೆ ನೆನಪಿರುವುದು "ಇವತ್ತು ಸುಸ್ತಾಯ್ತು" ಅನ್ನುವುದೊಂದೇ.

ಸಿರುಗುಪ್ಪ, ಸಂಡೂರು ಕಡೆಯಿಂದ ವಾರಕ್ಕೊಮ್ಮೆ ಬಳ್ಳಾರಿಗೆ ಕ್ಲಾಸಿಗೆ ಬರುವವರು ಬಸ್ ಹತ್ತಿದ ಕೂಡಲೇ ಫೋನಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡರೂ ಆಯಿತು. ಬಸ್ಸಿನ ಕುಲುಕಾಟದಲ್ಲಿ ಬರೆದದ್ದನ್ನು ಆಮೇಲೆ ಓದಲು ಆಗುವುದಿಲ್ಲ.

ದಿನದ ಪುಟ

ಒಂದು ದಿನಕ್ಕೆ ಏಳೆಂಟು ಸಾಲು ಮೀರಬಾರದು. ಮಾದರಿಗೆ ಒಂದು ಪುಟ ಇಲ್ಲಿದೆ. ಮಾ ಬು, ಗೊಂಗ್ ಬು ನಿಲುವಿನ ಹೆಸರು, 24ರ ಫಾರ್ಮ್ ಅಂದರೆ ತೈಚಿಯ 24 ಭಂಗಿಗಳ ಫಾರ್ಮ್, 9, 12 ಅನ್ನುವುದು ಅದರೊಳಗಿನ ಭಂಗಿಯ ನಂಬರ್:

ಮಂಗಳವಾರ. ಬೆಳಗ್ಗೆ 5.45ರಿಂದ 7. ಗ್ರೌಂಡು. ನೆಲ ಗಟ್ಟಿ, ಗಾಳಿ ಇಲ್ಲ.
ಮಾ ಬು 1 ನಿಮಿಷ, ಮೂರು ಸಲ. ಮೂರನೇ ಸಲ 40 ಸೆಕೆಂಡಿಗೆ ಎದ್ದೆ.
ಗೊಂಗ್ ಬು ನಡಿಗೆ, ಹೋಗಿ ಬಂದು ನಾಲ್ಕು ಸಲ.
24ರ ಫಾರ್ಮ್ ಎರಡು ಸಲ. ಎರಡನೇ ಸಲ 9 ಆದ ಮೇಲೆ ನೇರ 12ಕ್ಕೆ ಹೋದೆ.
ಸರ್: "ಹಿಂದಿನ ಹಿಮ್ಮಡಿ ಎಬ್ಬಿಸಬ್ಯಾಡ. ನೆಲಕ್ಕ ಒತ್ತು."
ನೋವು: ಬಲ ಮೊಣಕಾಲು ಒಳಬದಿ, ತಿರುಗುವಾಗ. ಹತ್ತಕ್ಕೆ 2.
ಬಾಕಿ: ನಾಳೆ ಮೊದಲು ಎಡ ಗೊಂಗ್ ಬು ಹತ್ತು ಸಲ, ಹಿಮ್ಮಡಿ ನೋಡಿಕೊಂಡು.

ಇದನ್ನು "ಇವತ್ತು ಚೆನ್ನಾಗಿತ್ತು, ನಿಲುವು ಇನ್ನೂ ಸುಧಾರಿಸಬೇಕು" ಅನ್ನುವ ಸಾಲಿನ ಪಕ್ಕ ಇಟ್ಟು ನೋಡಿ. ಯಾವ ನಿಲುವು? ಯಾವ ಕಾಲು? ಹೇಗೆ ಸುಧಾರಿಸಬೇಕು? ಮರುದಿನ ಓದಿದರೆ ಏನೂ ಸಿಗುವುದಿಲ್ಲ.

ನೆಲದ ವಿಷಯ ಯಾಕೆ ಬರೆಯಬೇಕು ಅಂತ ಅನಿಸಬಹುದು. ನಮ್ಮ ಕಡೆ ಎರೆ ನೆಲ ಜಾಸ್ತಿ. ಮಳೆ ಬಿದ್ದರೆ ಬೂಟಿಗೆ ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಹಡಿ ಮೇಲಿನ ಸಿಮೆಂಟಿನಲ್ಲಿ ಪಾದ ಸಲೀಸಾಗಿ ತಿರುಗುತ್ತದೆ. ಅದೇ ತಿರುವನ್ನು ಹಸಿ ಎರೆಯ ಮೇಲೆ ಮಾಡಿದರೆ ಪಾದ ಅಲ್ಲೇ ಅಂಟಿರುತ್ತದೆ, ಮೊಣಕಾಲು ಮಾತ್ರ ತಿರುಗುತ್ತದೆ. ಮ್ಯಾಟಿನ ಮೇಲೆ ಇನ್ನೊಂದು ಥರ. ಒಂದು ತಿಂಗಳು ನೆಲದ ಹೆಸರು ಬರೆದು ನೋಡಿ, ಮೊಣಕಾಲಿನ ನೋವು ಯಾವ ದಿನ ಬಂತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಸರ್ ಹೇಳಿದ್ದನ್ನು ಅವರ ಬಾಯಿಂದ ಬಂದ ಹಾಗೇ ಬರೆಯಿರಿ. "ಹಿಂಪಾದದ ಹಿಮ್ಮಡಿಯು ಭೂಮಿಗೆ ತಾಗಿರತಕ್ಕದ್ದು" ಅಂತ ಗ್ರಂಥದ ಕನ್ನಡಕ್ಕೆ ತಿರುಗಿಸಬೇಡಿ. "ನೆಲಕ್ಕ ಒತ್ತು" ಅಂತ ಓದಿದಾಗ ಅವರ ದನಿಯೇ ಕಿವಿಗೆ ಬರುತ್ತದೆ, ಕಾಲು ತಾನಾಗಿ ಒತ್ತುತ್ತದೆ. ಒಂದು ದಿನಕ್ಕೆ ಒಂದೇ ತಿದ್ದುಪಡಿ ಬರೆಯಿರಿ. ಐದು ಹೇಳಿದ್ದರೂ ಯಾವುದನ್ನು ಎರಡು ಸಲ ಹೇಳಿದರೋ ಅದೊಂದು.

ಬಾಕಿ ಅನ್ನುವ ಕೊನೆಯ ಸಾಲೇ ಮುಖ್ಯ. ಬೇರೆಲ್ಲ ಬರೆಯಲು ಆಗದ ದಿನವೂ ಆ ಒಂದು ಸಾಲು ಬರೆದು ಮಲಗಿ. ಅದು ಹತ್ತು ನಿಮಿಷದೊಳಗೆ ಮಾಡಿ ಮುಗಿಸುವಂಥದ್ದಾಗಿರಬೇಕು. "ಸೊಂಟ ಸಡಿಲ ಮಾಡಿಕೊಳ್ಳಬೇಕು" ಅನ್ನುವುದು ವರ್ಷಗಟ್ಟಲೆಯ ಕೆಲಸ, ಅದು ಬಾಕಿ ಸಾಲಿಗೆ ಬರುವುದಿಲ್ಲ.

ಅಭ್ಯಾಸ ಇಲ್ಲದ ದಿನವನ್ನೂ ಬರೆಯಿರಿ. ಜಾತ್ರೆ, ಪೀರಲ ಹಬ್ಬ, ಮದುವೆ, ನೈಟ್ ಶಿಫ್ಟ್, ಏನಿದೆಯೋ ಅದು. "ರಜೆ, ಮದುವೆ" ಅಂತ ಎರಡು ಪದ ಸಾಕು. ಖಾಲಿ ಬಿಟ್ಟರೆ ಬರೆಯಲು ಮರೆತದ್ದೋ, ಮಾಡದೇ ಇದ್ದದ್ದೋ ಆಮೇಲೆ ತಿಳಿಯುವುದಿಲ್ಲ.

ನಿಲುವಿನ ಪುಟಗಳು

ವುಶುವಿನಲ್ಲಿ ಚಾಂಗ್‌ಚ್ವಾನ್ (ಉತ್ತರ ಚೀನಾದ ಶೈಲಿ) ಕಲಿಯುವವರಿಗೆ ಮೊದಲು ಬರುವುದು ಐದು ನಿಲುವು: ಗೊಂಗ್ ಬು, ಮಾ ಬು, ಪು ಬು, ಶು ಬು, ಶ್ಯೆ ಬು. ಒಂದೊಂದಕ್ಕೂ ಎಡಗಡೆ ಒಂದು ಪುಟ ಕೊಡಿ. ಕಡ್ಡಿ ಗೊಂಬೆಯ ಚಿತ್ರ ಸಾಕು. ಚಿತ್ರದ ಕೆಳಗೆ ನೋಡಿಕೊಳ್ಳಬೇಕಾದ ಮೂರು ಗುರುತು ಮಾತ್ರ.

ಗೊಂಗ್ ಬುಗೆ: ಮುಂದಿನ ತೊಡೆ ಹತ್ತಿರ ಹತ್ತಿರ ನೆಲಕ್ಕೆ ಸಮ, ಹಿಂದಿನ ಕಾಲು ನೇರ, ಹಿಂದಿನ ಹಿಮ್ಮಡಿ ನೆಲದ ಮೇಲೆ. ಮಾ ಬುಗೆ: ಎರಡು ಪಾದದ ನಡುವೆ ನಿಮ್ಮದೇ ಪಾದದ ಅಳತೆಯಲ್ಲಿ ಸುಮಾರು ಮೂರು ಪಾದ ಅಂತರ, ಬೆರಳು ಮುಂದಕ್ಕೆ, ಬೆನ್ನು ನೇರ. ಪು ಬುಗೆ: ಒಂದು ಕಾಲು ಪೂರ್ತಿ ಮಡಚಿ ಕೂತು ಇನ್ನೊಂದು ಪಕ್ಕಕ್ಕೆ ಚಾಚಿ, ಎರಡೂ ಅಂಗಾಲು ನೆಲಕ್ಕೆ. ಚಾಚಿದ ಕಾಲಿನ ಹೊರ ಅಂಚು ಏಳುವುದೇ ಎಲ್ಲರ ತೊಂದರೆ, ಅದನ್ನೇ ಕೆಂಪಿನಲ್ಲಿ ಬರೆಯಿರಿ. ಶು ಬುಗೆ: ಭಾರ ಬಹುಪಾಲು ಹಿಂದಿನ ಕಾಲಿಗೆ, ಮುಂದಿನ ಪಾದ ಸುಮ್ನೆ ತಾಗಿಸಿದಷ್ಟೇ. ಶ್ಯೆ ಬುಗೆ: ಕಾಲು ಕತ್ತರಿ ಹಾಕಿ ಕೂರುವುದು, ಹಿಂದಿನ ಮೊಣಕಾಲು ಮುಂದಿನ ಕಾಲಿನ ಹೊರಬದಿಗೆ.

ಹೆಸರನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಸರ್ ಉಚ್ಚರಿಸುವುದು ನಿಮ್ಮ ಕಿವಿಗೆ ಬಿದ್ದ ಹಾಗೆ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆಯಬೇಡಿ, ಆಮೇಲೆ ಹುಡುಕಲು ಆಗುವುದಿಲ್ಲ.

ಫಾರ್ಮ್ ಬರೆದಿಡುವುದು

ನೋಟ್‌ಬುಕ್ಕಿನ ನಿಜವಾದ ಕೆಲಸ ಇಲ್ಲಿದೆ. ತೈಚಿಯ 24ರ ಫಾರ್ಮನ್ನೇ ತಗೊಳ್ಳೋಣ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯ ಉದ್ದದ ಫಾರ್ಮಿನಿಂದ ಆರಿಸಿ, ಮೊಟಕು ಮಾಡಿ, ಸಾಮಾನ್ಯ ಜನರಿಗೆ ಅಂತ ಕೂಡಿಸಿದ್ದು ಇದು. ನಿಧಾನಕ್ಕೆ ಮಾಡಿದರೆ ಐದಾರು ನಿಮಿಷ. ಇದರಲ್ಲಿ ಮರೆಯುವ ಜಾಗಗಳು ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ.

ಮೊದಲ ಹೆಜ್ಜೆ: 1ರಿಂದ 24ರವರೆಗೆ ನಂಬರ್ ಹಾಕಿ, ಒಂದು ಸಾಲಿಗೆ ಒಂದು ಹೆಸರು, ಪಕ್ಕದಲ್ಲಿ ಅದು ಎಷ್ಟು ಸಲ ಬರುತ್ತದೆ. ಕುದುರೆಯ ಜೂಲು ಬಿಡಿಸುವುದು ಎಡ, ಬಲ, ಎಡ, ಮೂರು ಸಲ. ಮೊಣಕಾಲು ಸವರಿ ಮುಂದೆ ತಳ್ಳುವುದೂ ಮೂರು ಸಲ. ಕೋತಿಯನ್ನು ಹಿಮ್ಮೆಟ್ಟಿಸುವುದು ನಾಲ್ಕು. ಮೋಡದ ಕೈ ಮೂರು.

ಎರಡನೇ ಹೆಜ್ಜೆ: ಕವಲು ಎಲ್ಲಿದೆ ನೋಡಿ, ಅಲ್ಲಿ ದೊಡ್ಡದಾಗಿ ಗುರುತು ಹಾಕಿ. 9ನೆಯದು ಒಂಟಿ ಚಾಟಿ, 11ನೆಯದೂ ಅದೇ ಒಂಟಿ ಚಾಟಿ. ನಡುವೆ 10, ಮೋಡದ ಕೈ. 9ರ ಚಾಟಿ ಆದ ಮೇಲೆ ಮೋಡಕ್ಕೆ ಹೋಗಬೇಕು, 11ರ ಚಾಟಿ ಆದ ಮೇಲೆ 12ಕ್ಕೆ, ಅಂದರೆ ಕುದುರೆ ಸವರುವುದಕ್ಕೆ. ಮೈಗೆ ಎರಡೂ ಚಾಟಿ ಒಂದೇ ಅಲ್ವಾ, ಹಾಗಾಗಿ ಅದು ಒಮ್ಮೊಮ್ಮೆ ಮೋಡವನ್ನೇ ಹಾರಿಸಿಬಿಡುತ್ತದೆ. ಇಲ್ಲದಿದ್ದರೆ ಮೋಡ, ಚಾಟಿ, ಮೋಡ, ಚಾಟಿ ಅಂತ ಅಲ್ಲಲ್ಲೇ ಸುತ್ತುತ್ತದೆ. ಮೇಲಿನ ಮಾದರಿ ಪುಟದಲ್ಲಿ "9 ಆದ ಮೇಲೆ ನೇರ 12ಕ್ಕೆ ಹೋದೆ" ಅಂತ ಇರುವುದು ಇದೇ. ಹೀಗೆ ನಂಬರಿನಲ್ಲಿ ಬರೆದರೆ ಮರುದಿನ ಇಡೀ ಫಾರ್ಮ್ ಮತ್ತೆ ಮತ್ತೆ ಮಾಡುವ ಅಗತ್ಯ ಇಲ್ಲ. 8ರಿಂದ 12ರವರೆಗೆ ಮಾತ್ರ ಐದಾರು ಸಲ ಮಾಡಿದರೆ ಆಯಿತು.

ಮೂರನೇ ಹೆಜ್ಜೆ: ದಿಕ್ಕು. ಚೀನೀ ಕೈಪಿಡಿಗಳಲ್ಲಿ ಶುರುವಿಗೆ ದಕ್ಷಿಣಕ್ಕೆ ಮುಖ ಅಂತ ಇಟ್ಟುಕೊಳ್ಳುವುದು ರೂಢಿ. ನೀವೂ ಹಾಗೇ ಬರೆಯಿರಿ, ನಿಜವಾಗಿ ಯಾವ ಕಡೆ ನಿಂತಿದ್ದರೂ ಸರಿ. ಆಗ 24ರ ಫಾರ್ಮ್ ಎಡಕ್ಕೆ, ಅಂದರೆ ಪೂರ್ವಕ್ಕೆ ಹೊರಡುತ್ತದೆ. 6ರಲ್ಲಿ ಮುಖ ಪೂರ್ವಕ್ಕೇ ಇರುತ್ತದೆ, ಕಾಲು ಹಿಂದಕ್ಕೆ ಹೋಗುತ್ತದೆ. 8ರಲ್ಲಿ ಪಶ್ಚಿಮಕ್ಕೆ ತಿರುಗುತ್ತೀರಿ, 9ರಲ್ಲಿ ವಾಪಸ್ ಪೂರ್ವಕ್ಕೆ. 15ರಲ್ಲಿ ಪಶ್ಚಿಮಕ್ಕೆ. 21ರಲ್ಲಿ ಮತ್ತೆ ಪೂರ್ವಕ್ಕೆ. ಮುಗಿಯುವಾಗ ದಕ್ಷಿಣ. ಹೆಸರಿನ ಪಕ್ಕ ಪೂ, ಪ, ದ, ಉ ಅಂತ ಒಂದೊಂದು ಅಕ್ಷರ ಹಾಕಿದರೆ ಸಾಕು.

"ಕೋಟೆ ಗುಡ್ಡದ ಕಡೆ ತಿರುಗಿ ಒದೆಯಬೇಕು", "ಗೇಟಿನ ಕಡೆ ಮುಖ" ಅಂತ ಬರೆಯುವವರಿದ್ದಾರೆ. ಬಳ್ಳಾರಿಯಲ್ಲಿ ಎಲ್ಲಿ ನಿಂತರೂ ಗುಡ್ಡ ಕಾಣುತ್ತೆ, ಸುಲಭ ಅನಿಸುತ್ತೆ ನಿಜ. ಆದರೆ ಸ್ಪರ್ಧೆಗೆ ಅಂತ ಬೇರೆ ಊರಿನ ಹಾಲ್‌ಗೆ ಹೋದಾಗ ಅಲ್ಲಿ ಗುಡ್ಡವೂ ಇಲ್ಲ, ಗೇಟೂ ಇಲ್ಲ. ವಾರದಲ್ಲಿ ಒಂದು ದಿನ ಬೇಕಂತಲೇ ಉಲ್ಟಾ ದಿಕ್ಕಿಗೆ ನಿಂತು ಮಾಡಿ, ಎಲ್ಲಿ ತಡವರಿಸಿದಿರಿ ಅಂತ ಬರೆದುಕೊಳ್ಳಿ.

ನಾಲ್ಕನೇ ಹೆಜ್ಜೆ: ಕಾಲಿನ ನಕ್ಷೆ. ಎಡಪಾದವನ್ನು ತುಂಬಿಸಿ ಕಪ್ಪಗೆ ಬಿಡಿಸಿ, ಬಲಪಾದ ಖಾಲಿ ಗೆರೆ. ಎತ್ತಿದ ಪಾದಕ್ಕೆ ಚುಕ್ಕೆ ಗೆರೆ. ಹಿಮ್ಮಡಿಯ ಮೇಲೆ ತಿರುಗಿದರೆ ಹಿಮ್ಮಡಿಯಲ್ಲಿ ಚುಕ್ಕೆ, ಮುಂಗಾಲಿನ ಮೇಲೆ ತಿರುಗಿದರೆ ಅಲ್ಲಿ ಚುಕ್ಕೆ. ಪಕ್ಕದಲ್ಲಿ ಭಾರ ಎಷ್ಟೆಷ್ಟು ಅಂತ 7-3, 5-5 ಹೀಗೆ. ಇಡೀ ಫಾರ್ಮಿಗೆ ಬಿಡಿಸಲು ಹೋಗಬೇಡಿ, ತಿಂಗಳು ಹಿಡಿಯುತ್ತೆ. ತಿರುವು ಇರುವ ಜಾಗಕ್ಕೆ ಮಾತ್ರ. ಮೊಣಕಾಲು ಹಾಳಾಗುವುದೂ ಅಲ್ಲೇ, ಲೆಕ್ಕ ತಪ್ಪುವುದೂ ಅಲ್ಲೇ.

ಚಾಂಗ್‌ಚ್ವಾನ್, ನಾನ್‌ಚ್ವಾನ್ (ದಕ್ಷಿಣ ಚೀನಾದ ಶೈಲಿ) ತಾವ್ಲು, ಅಂದರೆ ವುಶುವಿನ ಫಾರ್ಮ್, ಮಾಡುವವರಿಗೆ ಇನ್ನೊಂದು ನಕ್ಷೆ ಬೇಕು. ಸ್ಪರ್ಧೆಯ ಕಾರ್ಪೆಟ್ 14 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ಚೌಕಕ್ಕೆ ಒಂದು ಮೀಟರ್ ಅಂತ ಹಿಡಿದರೆ ಚೌಕುಳಿ ಪುಟದಲ್ಲಿ 14ಕ್ಕೆ 8 ಚೌಕ. ಕಲಿಕೆಯ ಫಾರ್ಮುಗಳು ಸಾಮಾನ್ಯವಾಗಿ ಹೋಗುವುದು, ಬರುವುದು ಅಂತ ನಾಲ್ಕು ಭಾಗವಾಗಿ ಇರುತ್ತವೆ. ಒಂದೊಂದು ಭಾಗಕ್ಕೆ ಒಂದೊಂದು ಬಣ್ಣದ ಗೆರೆ ಎಳೆಯಿರಿ. ಆಮೇಲೆ ಗ್ರೌಂಡಿನಲ್ಲಿ ಟೇಪ್ ಹಿಡಿದು ಅಳೆದು ನಾಲ್ಕು ಮೂಲೆಗೆ ಸುಣ್ಣದ ಗುರುತು ಹಾಕಿ ಮಾಡಿ ನೋಡಿ. ಗಡಿ ದಾಟಿದರೆ ಅಂಕ ಕತ್ತರಿಸುತ್ತಾರೆ. ಎಲ್ಲಿ ದಾಟಿದಿರಿ ಅಂತ ನಕ್ಷೆಯಲ್ಲಿ ಗುಣಿಸು ಗುರುತು ಹಾಕಿ. ಎತ್ತರ ಇರುವ ಹುಡುಗರಿಗೆ ಓಡಿ ಹಾರುವ ಜಾಗದಲ್ಲೇ ಈ ಗುರುತು ಬೀಳುವುದು.

ವಿಂಗ್ ಚುನ್‌ನವರಿಗೆ ಈ ನಕ್ಷೆ ಕೆಲಸಕ್ಕೆ ಬಾರದು. ಅವರ ಮೊದಲ ಫಾರ್ಮ್ ಸಿಯು ನಿಮ್ ತಾವ್‌ನಲ್ಲಿ ನಿಂತ ಮೇಲೆ ಕಾಲು ಹೆಜ್ಜೆಯೇ ಇಡುವುದಿಲ್ಲ. ಎಷ್ಟು ನಿಮಿಷ ತಗೊಂಡಿತು, ಮೊಣಕೈ ಎಲ್ಲಿ ಹೊರಕ್ಕೆ ಜಾರಿತು, ಭುಜ ಎಲ್ಲಿ ಎದ್ದಿತು, ಇಷ್ಟು ಬರೆದರೆ ಸಾಕು.

ನೆನಪಿಗೆ ಪದ್ಯ

ಫಾರ್ಮನ್ನು ಚಿತ್ರ ಮತ್ತು ಪದ್ಯದಲ್ಲಿ ಹಿಡಿದಿಡುವುದು ಚೀನಾದಲ್ಲಿ ಹಳೆಯ ಪದ್ಧತಿ. ಮಿಂಗ್ ಕಾಲದ ಸೇನಾಪತಿ ಚಿ ಜಿಗುವಾಂಗ್ 16ನೇ ಶತಮಾನದಲ್ಲಿ ಸೈನಿಕರ ತರಬೇತಿಯ ಪುಸ್ತಕದಲ್ಲಿ ಬರಿಗೈ ಕಾಳಗದ 32 ಭಂಗಿ ಕೊಟ್ಟಿದ್ದಾನೆ, ಒಂದೊಂದಕ್ಕೂ ಒಂದು ಚಿತ್ರ, ನಾಲ್ಕಾರು ಸಾಲಿನ ಪದ್ಯ. ಹೆನಾನ್ ಪ್ರಾಂತ್ಯದ ಚೆನ್ ಊರಿನ ಚೆನ್ ಶಿನ್ ತಮ್ಮ ಮನೆತನದ ತೈಚಿಯನ್ನು 1908ರಿಂದ 1919ರವರೆಗೆ ಕೂತು ಚಿತ್ರಸಮೇತ ಬರೆದರು. ಅದು ಅಚ್ಚಾದದ್ದು 1933ರಲ್ಲಿ, ಅವರು ತೀರಿಕೊಂಡ ಮೇಲೆ. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಪದ್ಯದ ಉಪಾಯ ಮಾತ್ರ ತಗೊಳ್ಳಬಹುದು. 24ರ ಫಾರ್ಮಿನ 2ರಿಂದ 12ರವರೆಗೆ ನಾನು ಕಟ್ಟಿಕೊಂಡದ್ದು ಹೀಗಿದೆ:

ಜೂಲು ಮೂರು, ಕೊಕ್ಕರೆ ಒಂದು,
ಮೊಣಕಾಲ್ ಮೂರು, ವೀಣೆ ಮುಂದು,
ಕೋತಿ ನಾಲ್ಕು ಹಿಂದೆ ಹಿಂದು,
ಗುಬ್ಬಿ ಬಾಲ ಎಡ ಬಲ ಎಂದು.
ಚಾಟಿ ಒಂದು, ಮೋಡ ಮೂರು,
ಮತ್ತೆ ಚಾಟಿ, ಕುದುರೆ ಸವರು.

ಕವಿಗಳು ಬೈಯಬಹುದು. ಆದರೆ ಕೊನೆಯ ಎರಡು ಸಾಲು ಬಾಯಿಗೆ ಬಂದವರು 9ರಿಂದ 12ಕ್ಕೆ ಹಾರುವುದು ಕಡಿಮೆ. ನಿಮ್ಮದನ್ನು ನೀವೇ ಕಟ್ಟಿ, ನಿಮ್ಮ ಮನೆ ಮಾತಿನಲ್ಲೇ ಕಟ್ಟಿ. ತೆಲುಗು, ಉರ್ದು ಆದರೂ ನಡೆಯುತ್ತೆ, ಬಳ್ಳಾರಿಯಲ್ಲಿ ಅದಕ್ಕೇನು ಕೊರತೆ.

ಸಾಂಡಾ, ಜೋಡಿ ಅಭ್ಯಾಸ

ಸಾಂಡಾ, ಅಂದರೆ ವುಶುವಿನ ಎದುರುಬದುರು ಕಾದಾಟ, ಎರಡು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಸುತ್ತು ಮುಗಿಸಿ ಬಂದವರಿಗೆ ಎಲ್ಲವೂ ಕಲಸಿಹೋಗಿರುತ್ತದೆ. ಗೆದ್ದೆ, ಸೋತೆ ಅಂತ ಬರೆದರೆ ಏನೂ ಉಪಯೋಗ ಇಲ್ಲ. ಮೂರು ಸಾಲು ಬರೆಯಿರಿ: ಏನಾಯಿತು, ಆಗ ನನ್ನ ಕೈಕಾಲು ಎಲ್ಲಿದ್ದವು, ಮುಂದಿನ ಸಲ ಏನು ಮಾಡಿ ನೋಡುತ್ತೇನೆ.

ಉದಾಹರಣೆಗೆ: "ಬಲಗಾಲಿನ ಪಕ್ಕದ ಒದೆತ ಹಿಡಿದು ಕೆಡವಿದ, ಎರಡು ಸಲ. ಒದ್ದ ಕಾಲು ವಾಪಸ್ ಎಳೆಯಲು ತಡ, ಬಲಗೈ ಕೆಳಗಿತ್ತು. ಮುಂದಿನ ಸಲ ಮೊದಲು ಕೈಯಿಂದ ಮುಖದ ಕಡೆ ತೋರಿಸಿ ಆಮೇಲೆ ಒದೆಯುವುದು." ಎದುರಾಳಿಯ ಹೆಸರು ಬರೆಯಬೇಡಿ. "ಎತ್ತರದವ, ಎಡಗೈಯವ" ಅಂತ ಬರೆಯಿರಿ. ಹೆಸರು ಬರೆದರೆ ಅವನ ಮೇಲೆ ಸೇಡು ಬೆಳೆಯುತ್ತೆ, ಎಡಗೈಯವ ಅಂತ ಬರೆದರೆ ಎಡಗೈಯವರ ವಿರುದ್ಧ ಆಡುವುದು ಬರುತ್ತೆ. ತಲೆಗೆ ಜೋರು ಪೆಟ್ಟು ಬಿದ್ದ ದಿನ ಸಮಯ ಸಮೇತ ಬರೆದಿಡಿ. ತಲೆ ಸುತ್ತು, ವಾಂತಿ, ಮಂಕು ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ.

ಬೇಸಿಗೆಯ ಲೆಕ್ಕ

ನಮ್ಮ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ತಮಾಷೆ ಮಾಡುತ್ತೇವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸಂಜೆ ಆರಕ್ಕೂ ಬಂಡೆ, ಗೋಡೆ ಎಲ್ಲ ಕಾವು ಬಿಡುತ್ತಿರುತ್ತವೆ. ಆ ಎರಡು ತಿಂಗಳು ದಿನದ ಪುಟಕ್ಕೆ ಎರಡು ಅಂಕಿ ಸೇರಿಸಿ: ಅಭ್ಯಾಸಕ್ಕೆ ಮುಂಚಿನ ತೂಕ, ಆದ ಮೇಲಿನ ತೂಕ. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ ನಿಲ್ಲಿ.

ಒಂದು ಕಿಲೋ ಇಳಿದಿದೆ ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಕೊಬ್ಬು ಕರಗಿತು ಅಂತ ಖುಷಿಪಡಬೇಡಿ. ಮೈತೂಕದ ನೂರಕ್ಕೆ ಎರಡು ಭಾಗ ದಾಟಿದರೆ ಮೈಯ ಕೆಲಸ ಕುಗ್ಗುತ್ತದೆ. 60 ಕಿಲೋ ಇರುವವರಿಗೆ ಅದು 1.2 ಕಿಲೋ. ಅಷ್ಟು ಇಳಿದ ದಿನ ಪುಟದಲ್ಲಿ ಗುರುತು ಹಾಕಿ, ಮರುದಿನ ನಡುನಡುವೆ ನೀರು ಜಾಸ್ತಿ, ಅಭ್ಯಾಸ ಕಡಿಮೆ. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಇದ್ದೇ ಇದೆ.

ಎಷ್ಟು ದುಡಿದಿರಿ ಅಂತ ತಿಳಿಯಲು ತರಬೇತಿದಾರರು ಬಳಸುವ ಒಂದು ಸುಲಭ ಲೆಕ್ಕ ಇದೆ. ಅಭ್ಯಾಸ ಎಷ್ಟು ಕಷ್ಟ ಅನಿಸಿತು ಅನ್ನುವುದಕ್ಕೆ ಹತ್ತರೊಳಗೆ ಒಂದು ಅಂಕ ಕೊಡಿ, ನಿಮಿಷದಿಂದ ಗುಣಿಸಿ. 60 ನಿಮಿಷ, ಕಷ್ಟ 6 ಅಂದರೆ 360. ವಾರದ ಕೊನೆಗೆ ಕೂಡಿ. ಅದೇ 60 ನಿಮಿಷ ಜನವರಿಯಲ್ಲಿ 5 ಅನಿಸಿದ್ದು ಮೇ ತಿಂಗಳಲ್ಲಿ 8 ಅನಿಸುತ್ತದೆ, ಮೊತ್ತ ತಾನಾಗಿ ಏರುತ್ತದೆ. ಆಗ ಸಮಯ ಕಡಿಮೆ ಮಾಡಲು ನಾಚಿಕೆ ಬೇಡ.

ನೋವಿನ ಪುಟ

ಕೊನೆಯಲ್ಲಿ ಬಿಟ್ಟ ಎರಡು ಹಾಳೆ ಇದಕ್ಕೆ. ತಾರೀಖು, ಯಾವ ಜಾಗ, ಯಾವ ಚಲನೆಯಲ್ಲಿ, ಹತ್ತಕ್ಕೆ ಎಷ್ಟು, ಮರುದಿನ ಎದ್ದಾಗ ಎಷ್ಟು. ಈ ಕೊನೆಯ ಅಂಕಿಯೇ ಮುಖ್ಯ. ಮಾಡುವಾಗ ತೊಡೆ ಉರಿಯುವುದು ಸಹಜ. ಮರುದಿನ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಒಳಗೆ ಚುಚ್ಚಿದರೆ ಅದು ಬೇರೆ. ಎರಡು ಬೆಳಗ್ಗೆ ಹಾಗಾದರೆ ನಿಲುವು ಎತ್ತರ ಮಾಡಿ, ಭಾರ ಇರುವ ಕಾಲಿನ ಮೇಲೆ ತಿರುಗುವುದನ್ನು ಬಿಡಿ. ಊದಿಕೊಂಡರೆ, ಮಡಚಲು ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ನೋಟ್‌ಬುಕ್ ತಗೊಂಡೇ ಹೋಗಿ. "ಯಾವಾಗಿನಿಂದ?" ಅಂತ ಕೇಳಿದಾಗ "ಸುಮಾರು ದಿನ ಆಯ್ತು ಸರ್" ಅನ್ನುವ ಬದಲು ಪುಟ ತೋರಿಸಬಹುದು.

ಯಾರು ಹೇಳಿದ್ದು

ಒಂದೇ ಭಂಗಿಯನ್ನು ಯಾಂಗ್ ಶೈಲಿಯವರು ಒಂದು ಥರ, ಚೆನ್ ಶೈಲಿಯವರು ಇನ್ನೊಂದು ಥರ ಮಾಡಿಸುತ್ತಾರೆ. ಸ್ಪರ್ಧೆಗೆ ಕಲಿಸುವವರದ್ದು ಮತ್ತೊಂದು. ಶಿಬಿರಕ್ಕೆ ಹೋಗಿ ಬಂದಾಗ ಹೊಸದನ್ನು ಹಳೆಯದರ ಮೇಲೆ ಬರೆಯಬೇಡಿ. ಹಳೆಯದಕ್ಕೆ ಒಂದೇ ಗೆರೆ ಎಳೆದು, ಓದಲು ಆಗುವ ಹಾಗೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಯಾರು ಹೇಳಿದರು, ಯಾವಾಗ ಅನ್ನುವುದೂ ಇರಲಿ. ಆಮೇಲೆ ನಿಮ್ಮ ಸರ್ ಹತ್ತಿರ ಕೇಳಿ. "ಸರ್, ಅಲ್ಲಿ ಕೈ ಇಷ್ಟು ಮೇಲಕ್ಕೆ ಅಂದ್ರು, ನಮ್ಮದರಲ್ಲಿ ಹೇಗೆ?" ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. "ನೀವು ಕಲಿಸಿದ್ದು ತಪ್ಪಂತೆ" ಅಂದರೆ ಮಾತ್ರ ಕಷ್ಟ.

ವಿಡಿಯೊ ತೆಗೆಯುವ ಮುಂಚೆ ಕೇಳಿ. ನಿಮ್ಮದನ್ನು ನೀವು ತೆಗೆದುಕೊಳ್ಳುವಾಗ ತಿಂಗಳಿಗೊಂದು ಸಾಕು, ಪ್ರತಿ ಸಲ ಅದೇ ಜಾಗ, ಅದೇ ಕೋನ, ಸೊಂಟದ ಎತ್ತರದಲ್ಲಿ ಫೋನು. ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರ್ ಅನುಮತಿ ಇಲ್ಲದೆ ಅವರ ಫಾರ್ಮ್ ಸ್ಟೇಟಸ್ಸಿಗೆ ಹಾಕಬೇಡಿ.

ವಾರಕ್ಕೊಮ್ಮೆ ಓದುವುದು

ಭಾನುವಾರ ಟೀ ಕುಡಿಯುತ್ತಾ ಆ ವಾರದ ಪುಟ ಓದಿ, ಕೆಂಪು ಪೆನ್ನು ಕೈಯಲ್ಲಿರಲಿ. ಒಂದೇ ತಿದ್ದುಪಡಿ ಮೂರು ಸಲ ಬಂದಿದ್ದರೆ ಅದಕ್ಕೆ ಸುತ್ತು ಹಾಕಿ. ಮುಂದಿನ ತಿಂಗಳು ಪೂರ್ತಿ ಅದೊಂದೇ ವಿಷಯ. ಹೊಸ ಫಾರ್ಮ್ ಕಲಿಯುವ ಆಸೆ ಎಷ್ಟಿದ್ದರೂ ಸುತ್ತು ಹಾಕಿದ್ದು ಮೊದಲು. ಮುಗಿದ ಬಾಕಿಗೆ ಅಡ್ಡಗೆರೆ ಎಳೆಯಿರಿ. ಒಂದು ಬಾಕಿ ನಾಲ್ಕು ವಾರ ಹಾಗೇ ಉಳಿದರೆ ಅದು ನಿಮ್ಮಿಂದ ಒಬ್ಬರೇ ಆಗುವ ಕೆಲಸ ಅಲ್ಲ, ಸರ್ ಮುಂದೆ ಮಾಡಿ ತೋರಿಸಿ ಕೇಳಿ.

ಮಕ್ಕಳ ನೋಟ್‌ಬುಕ್ಕನ್ನು ಅಪ್ಪ ಅಮ್ಮ ಬರೆದುಕೊಡಬೇಡಿ. ಹೋಂವರ್ಕ್ ಥರ ಸಹಿ ಹಾಕುವುದೂ ಬೇಡ. ಎಂಟು ಹತ್ತು ವರ್ಷದವರಿಗೆ ಒಂದು ಕಡ್ಡಿ ಗೊಂಬೆ, ಒಂದು ಸಾಲು ಸಾಕು. ಗೊಂಬೆಯ ಮೊಣಕಾಲು ಯಾವ ಕಡೆ ಬಿಡಿಸಿದ್ದಾರೆ ನೋಡಿದರೆ ಅವರಿಗೆ ಏನು ಅರ್ಥ ಆಗಿದೆ ಅಂತ ಗೊತ್ತಾಗುತ್ತೆ.

ನೋಟ್‌ಬುಕ್ ತುಂಬಿದ ಮೇಲೆ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡಬೇಡಿ. ಉಳಿದ ಬಾಕಿಗಳು, ಸುತ್ತು ಹಾಕಿದ ತಿದ್ದುಪಡಿಗಳು, ಇನ್ನೂ ಕಾಡುತ್ತಿರುವ ನೋವು, ಇವು ಮೂರನ್ನು ಮೊದಲ ಪುಟಕ್ಕೆ ಎತ್ತಿಕೊಳ್ಳಿ. ಫಾರ್ಮಿನ ನಕ್ಷೆಗಳನ್ನು ಫೋಟೊ ತೆಗೆದಿಡಿ. ಹಳೆಯದರ ಮೇಲೆ ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ಬರೆದು, ಗೆದ್ದಲು ಹತ್ತದ ಕಡೆ ಎತ್ತಿಡಿ. ಮುಂದಿನ ಬೇಸಿಗೆಗೆ ಹಿಂದಿನ ಬೇಸಿಗೆಯ ತೂಕದ ಪುಟಗಳು ಬೇಕಾಗುತ್ತವೆ.